ಮದುವೆ ಬ್ಯಾಂಡಿನ ಕ್ಲಾರಿನೆಟ್‌ನಲ್ಲಿ ಮೀಂಡ್ ಹೇಗೆ ಬರುತ್ತದೆ?

ನಮಸ್ಕಾರ. ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು. ಕಾಮೆಂಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಕ್ಲಾರಿನೆಟ್ ತುಂಬಾ ಬರೀ ಕೀಗಳು. ಅದರಲ್ಲಿ ಹಿಂದೂಸ್ತಾನಿ ಹೇಗೆ ಸಾಧ್ಯ?"

ಇದಕ್ಕೆ ಉತ್ತರ ರಾಯಚೂರಿನಲ್ಲಿದೆ. ಹಿಂದೂಸ್ತಾನಿ ಕ್ಲಾರಿನೆಟ್ ವಾದಕ ಪಂಡಿತ್ ನರಸಿಂಹಲು ವಡವಾಟಿ ಅವರ ಊರು ಅದು.

ಮೊದಲು ಹಳೇ ಕಥೆ, ಬೇಗ ಮುಗಿಸೋಣ. 1700ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಡೆನ್ನರ್ ಎಂಬಾತ ರೂಪ ಕೊಟ್ಟ ವಾದ್ಯ. ಬ್ರಿಟಿಷರ ಬ್ಯಾಂಡ್ ಜೊತೆ ನಮ್ಮಲ್ಲಿಗೆ ಬಂತು, ಮದುವೆ ಮೆರವಣಿಗೆ ಸೇರಿತು. ಸಾಕು.

[ತೆರೆಯ ಮೇಲೆ: ಬಾನ್ಸುರಿ (ಬಿದಿರಿನ ಕೊಳಲು), ಪಕ್ಕದಲ್ಲಿ ಕ್ಲಾರಿನೆಟ್]

ಈಗ ಮಜಾ ನೋಡಿ. ಬಾನ್ಸುರಿಯಲ್ಲಿ ಷಡ್ಜ ಹಿಡಿದು, ಬೆರಳು ಕದಲಿಸದೆ ಸ್ವಲ್ಪ ಜೋರಾಗಿ ಊದಿದರೆ ತಾರ ಷಡ್ಜ, ಅಂದರೆ ಮೇಲಿನ ಸಪ್ತಕದ ಸಾ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಷಡ್ಜ ಹಿಡಿದು, ಸ್ವರವನ್ನು ಮೇಲಕ್ಕೆ ಜಿಗಿಸುವ ಹಿಂದಿನ ರಿಜಿಸ್ಟರ್ ಕೀ ಒತ್ತಿ. ಬರುವುದು ತಾರ ಸಪ್ತಕದ ಪಂಚಮ! ಕೊಳವೆ ನೇರ, ಒಂದು ತುದಿ ರೀಡ್‌ನಿಂದ (ಬಾಯಲ್ಲಿ ಹಿಡಿಯುವ ತೆಳು ಪಟ್ಟಿ) ಮುಚ್ಚಿದ ಲೆಕ್ಕ. ಹಾಗಾಗಿ ಕಂಪನ ಎರಡು ಪಟ್ಟಾಗದೆ ನೇರವಾಗಿ ಮೂರು ಪಟ್ಟಾಗುತ್ತದೆ. ಕೆಳಗಿನ ಮನೆಯಲ್ಲಿ ಫ್ಯಾನ್ ಹಾಕುವ ಸ್ವಿಚ್ಚು ಮೇಲಿನ ಮನೆಯಲ್ಲಿ ಮಿಕ್ಸಿ ಓಡಿಸಿದ ಹಾಗೆ!

ಅಂದರೆ ತಾನ್, ಅಂದ್ರೆ ವೇಗದ ಸ್ವರಗಳ ಓಟ, ಹೊಡೆಯುವಾಗ ಒಂದು ಸಪ್ತಕದ ಬೆರಳು ಇನ್ನೊಂದಕ್ಕೆ ಕೆಲಸಕ್ಕೆ ಬರಲ್ಲ. ಮಧ್ಯದಲ್ಲೊಂದು ಗಡಿಯೂ ಇದೆ: ಒಂದು ಸ್ವರಕ್ಕೆ ಹೆಚ್ಚುಕಡಿಮೆ ಬೆರಳೆಲ್ಲ ಮೇಲೆ, ಮುಂದಿನ ಸ್ವರಕ್ಕೆ ಎಲ್ಲ ಕೆಳಗೆ. ಅಲ್ಲೇ ಎಷ್ಟೋ ಜನರ ವಾದ್ಯ ಕಿರುಚೋದು.

ಮೀಂಡ್ ಎಲ್ಲಿಂದ? ಮುಖ್ಯ ಬೆರಳುಗಳ ಕೆಳಗೆ ತೆರೆದ ರಂಧ್ರಗಳಿವೆ. ಬೆರಳನ್ನು ಒಮ್ಮೆಲೇ ಎತ್ತದೆ ಮೆಲ್ಲಗೆ ಜಾರಿಸಬೇಕು. ಜೊತೆಗೆ ತುಟಿಯ ಬಿಗಿ ಸಡಿಲಿಸಿದರೆ ಸ್ವರ ಬಾಗುತ್ತದೆ. ಪ್ಯಾಡ್ ಇರುವ ಕೀಗಳಿಗೆ ಮಾತ್ರ ಈ ಸೌಜನ್ಯ ಇಲ್ಲ. ಮುಚ್ಚು, ಇಲ್ಲಾ ತೆಗೆ.

ವಡವಾಟಿಯವರ ಗುರು ಪಂಡಿತ್ ಸಿದ್ಧರಾಮ ಜಂಬಲದಿನ್ನಿ. ಅವರು ಗಾಯಕರು! ಹಾಡುವ ಗಂಟಲಿಗೆ ಕೀ ಇಲ್ಲ, ಗಡಿಯೂ ಇಲ್ಲ. ಅದನ್ನು ಕೇಳಿ ಕಲಿತವರು ವಾದ್ಯದ ತಕರಾರಿಗೆ ಸುಮ್ನೆ ತಲೆಬಾಗಲ್ಲ, ಅಲ್ವಾ? ನನ್ನ ಪ್ರಕಾರ ಬ್ಯಾಂಡಿನ ವಾದ್ಯ ಗಾಯಕಿ ಶೈಲಿಗೆ, ಅಂದರೆ ಹಾಡಿದಂತೆ ನುಡಿಸುವ ಶೈಲಿಗೆ, ಬಗ್ಗಿದ್ದು ಹೀಗೆ.

ಟೈಮ್ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ವಡವಾಟಿಯವರು ರಾಯಚೂರಿನಲ್ಲೇ ಶಿಷ್ಯರಿಗೆ ಕಲಿಸಿದರು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಅತ್ತ ಕರ್ನಾಟಕ ಸಂಗೀತದಲ್ಲಿ ಇದೇ ವಾದ್ಯ ಹಿಡಿದ ತಿರುಚ್ಚಿಯ ಎ.ಕೆ.ಸಿ. ನಟರಾಜನ್‌ಗೆ 2022ರಲ್ಲಿ ಪದ್ಮಶ್ರೀ ಬಂತು. ಅವರದ್ದು ಬೇರೆಯೇ ಎಪಿಸೋಡ್ ಬೇಕು.

ವಡವಾಟಿಯವರ ರೆಕಾರ್ಡಿಂಗ್ ಸಿಕ್ಕರೆ ಮೊದಲು ವಿಲಂಬಿತ್ (ನಿಧಾನ ಲಯದ ಭಾಗ) ಕೇಳಿ. ಆ ಗಡಿ ಎಲ್ಲಿ ದಾಟಿದರು ಅಂತ ಗೊತ್ತಾದರೆ ಕಾಮೆಂಟ್‌ನಲ್ಲಿ ಟೈಮ್ ಹಾಕಿ.