ಏಲಿಯನ್ ಸರಣಿಯ ದುಡಿಯುವ ಜನ

ಸಹೃದಯರೇ,

ರಿಡ್ಲಿ ಸ್ಕಾಟ್ ನಿರ್ದೇಶಿಸಿದ 1979ರ ‘ಏಲಿಯನ್’ ಚಿತ್ರದ ಹೆಸರೆತ್ತಿದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಊಟದ ಮೇಜಿನ ಮೇಲೆ ಮನುಷ್ಯನೊಬ್ಬನ ಎದೆ ಸೀಳಿಕೊಂಡು ಹೊರಬೀಳುವ ಜೀವಿ. ನನಗೆ ಮೊದಲು ನೆನಪಾಗುವುದು ಅದಕ್ಕೂ ಮುಂಚೆ ಊಟ ಮಾಡುತ್ತಲೇ ಶುರುವಾಗುವ ಬೋನಸ್ಸಿನ ತಕರಾರು. ನೊಸ್ಟ್ರೋಮೊ ಎಂಬ ಸರಕು ಬಾಹ್ಯಾಕಾಶ ನೌಕೆಯ ಏಳು ಮಂದಿಯಲ್ಲಿ ಎಂಜಿನ್ ನೋಡಿಕೊಳ್ಳುವ ಇಬ್ಬರು, ತಮಗೂ ಉಳಿದವರಷ್ಟೇ ಪಾಲು ಸಿಗಬೇಕೆಂದು ಕೇಳುತ್ತಾರೆ. ಜೀವಿಯನ್ನು ಹಿಡಿದು ತರುವುದೇ ಮುಖ್ಯ, ಸಿಬ್ಬಂದಿ ಸತ್ತರೂ ಅಡ್ಡಿಯಿಲ್ಲ ಎಂದು ಕಂಪನಿ ಗುಟ್ಟಾಗಿ ಆದೇಶಿಸಿತ್ತೆಂಬುದು ಮುಂದೆ ತಿಳಿದಾಗ, ಆ ತಕರಾರು ಮತ್ತೆ ನೆನಪಾಗಿ ಮನಸ್ಸು ಕಲಕುತ್ತದೆ. ಈ ಸರಣಿಯ ಬೇರು ಇರುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ.

2024ರ ಆಗಸ್ಟ್‌ನಲ್ಲಿ ತೆರೆಕಂಡ, ಫೆಡೆ ಆಲ್ವಾರೆಜ್ ನಿರ್ದೇಶನದ ‘ಏಲಿಯನ್: ರೊಮ್ಯುಲಸ್’ ಈ ಬೇರನ್ನು ಗುರುತಿಸಿದೆ. ಮೊದಲ ಚಿತ್ರದ ಘಟನೆಗಳಾದ 20 ವರ್ಷಗಳ ನಂತರದ ಕಥೆಯಿದು. ಬಿಸಿಲೇ ಕಾಣದ ಗಣಿ ವಸಾಹತಿನಲ್ಲಿ ದುಡಿಯುವ ರೇನ್ ಎಂಬ ತರುಣಿ ತನ್ನ ಕರಾರಿನ ಗಂಟೆಗಳು ಮುಗಿದವೆಂದು ಬಿಡುಗಡೆ ಕೇಳಲು ಹೋದರೆ, ಕಿಟಕಿಯಾಚೆಗಿನ ಗುಮಾಸ್ತೆ ಗಂಟೆಗಳ ಲೆಕ್ಕ ಈಗ ಇಮ್ಮಡಿಯಾಗಿದೆ ಎಂದು ಸಹಜವಾದ ದನಿಯಲ್ಲಿ ಹೇಳಿ ಮುಗಿಸುತ್ತಾಳೆ. ಒಂದು ತೊಟ್ಟು ರಕ್ತವೂ ಇಲ್ಲದ ಈ ದೃಶ್ಯ ಇಡೀ ಚಿತ್ರದ ಅತ್ಯಂತ ಕ್ರೂರ ದೃಶ್ಯವೆಂದು ನನಗನ್ನಿಸಿತು.

ಇನ್ನು ಆಂಡಿ. ಡೇವಿಡ್ ಜಾನ್ಸನ್ ಅಭಿನಯಿಸಿರುವ ಈ ಕೃತಕ ಮನುಷ್ಯನನ್ನು ರೇನ್‌ಳ ತಂದೆ ಕಸದ ರಾಶಿಯಿಂದ ಎತ್ತಿ ತಂದು ದುರಸ್ತಿ ಮಾಡಿದ್ದರು. ರೇನ್‌ಗೆ ಒಳಿತಾಗುವುದನ್ನು ಮಾಡು ಎಂಬ ಒಂದೇ ಕಟ್ಟಳೆಯನ್ನು ಅವನಲ್ಲಿ ಇರಿಸಿದ್ದರು. ಆಂಡಿ ತೊದಲುತ್ತಾನೆ, ಸಪ್ಪೆ ನಗೆಹನಿಗಳನ್ನು ಹೇಳುತ್ತಾನೆ, ಅವಳಿಗೆ ತಮ್ಮನಂತಿದ್ದಾನೆ. ವಸಾಹತಿನಿಂದ ಪಾರಾಗಲು ರೇನ್ ಮತ್ತು ಗೆಳೆಯರು ಹೊಕ್ಕ ಬಾಹ್ಯಾಕಾಶ ನಿಲ್ದಾಣದಲ್ಲಿ, ಅವನ ಕುತ್ತಿಗೆಯೊಳಗೆ ಬೇರೊಂದು ಯಂತ್ರಮಾನವನ ಸಣ್ಣ ಬಿಲ್ಲೆಯನ್ನು ಸೇರಿಸಿದೊಡನೆ ತೊದಲು ನಿಲ್ಲುತ್ತದೆ, ಬೆನ್ನು ನೇರವಾಗುತ್ತದೆ, ಕಟ್ಟಳೆಯೂ ಬದಲಾಗಿ ಕಂಪನಿಯ ಒಳಿತೇ ಅವನ ಗುರಿಯಾಗುತ್ತದೆ. ಗಾಜಿನ ಬಾಗಿಲಿನಾಚೆ ನಿಂತ ಗೆಳತಿ ಒಳಗೆ ಬಿಡಿರೆಂದು ಅಂಗಲಾಚುತ್ತಿರುವಾಗ, ಅಪಾಯದ ಲೆಕ್ಕ ಹಾಕಿ ಆಂಡಿ ಬಾಗಿಲು ತೆರೆಯುವುದಿಲ್ಲ. ಮೊದಲ ಚಿತ್ರದ ಆಶ್ ಎಂಬ ಯಂತ್ರಮಾನವ ಸಹೋದ್ಯೋಗಿಗಳಿಗೆ ದ್ರೋಹ ಬಗೆದಿದ್ದ. ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ, ಇದೇ ಸರಣಿಯ 1986ರ ಚಿತ್ರದಲ್ಲಿ ಬಿಷಪ್ ಎಂಬ ಯಂತ್ರಮಾನವ ತನ್ನ ಜೊತೆಗಾರರನ್ನು ಕಾಪಾಡಿದ್ದ. ಆ ಇಬ್ಬರನ್ನೂ ಒಂದೇ ದೇಹದಲ್ಲಿ ಇರಿಸಿ ತೋರಿಸಿರುವುದು ಈ ಚಿತ್ರದ ನಿಜವಾದ ಹೊಸತನ.

ಜೀವಿಯ ಆಮ್ಲದಂಥ ರಕ್ತ ಲೋಹವನ್ನೂ ಕರಗಿಸುತ್ತದೆಂಬ ಹಳೆಯ ನಿಯಮವನ್ನು ಹೊಸದಾಗಿ ಬಳಸಿರುವ ಬಗೆಯನ್ನೂ ಮೆಚ್ಚಲೇಬೇಕು. ರೇನ್ ಗುರುತ್ವವನ್ನು ಸ್ಥಗಿತಗೊಳಿಸಿ ಗುಂಡು ಹಾರಿಸಿದಾಗ, ರಕ್ತ ನೆಲಕ್ಕೆ ಬೀಳದೆ ಗಾಳಿಯಲ್ಲಿ ಸುರುಳಿಗಟ್ಟಿ ತೇಲುತ್ತದೆ. ಅದರ ನಡುವೆ ಮೈ ತಾಗದಂತೆ ರೇನ್ ಮತ್ತು ಆಂಡಿ ನುಸುಳಬೇಕಾಗುತ್ತದೆ.

ಇಷ್ಟು ಸತ್ತ್ವವಿದ್ದೂ ಚಿತ್ರ ತನ್ನ ಮೇಲೆ ತಾನೇ ಭರವಸೆ ಇಡಲಿಲ್ಲವೆಂಬುದು ನನ್ನ ನೋವು. ಆಶ್ ಪಾತ್ರದ ಇಯಾನ್ ಹೋಮ್ 2020ರಲ್ಲಿ ತೀರಿಕೊಂಡರು. ಅವರದೇ ಮುಖವನ್ನು ತಂತ್ರಜ್ಞಾನದಿಂದ ಮರುಸೃಷ್ಟಿಸಿ ರೂಕ್ ಎಂಬ ಇನ್ನೊಬ್ಬ ಯಂತ್ರಮಾನವನಿಗೆ ತೊಡಿಸಲಾಗಿದೆ. ಹೊಸ ನಟರೊಬ್ಬರು ಆ ಪಾತ್ರವನ್ನು ನಿಭಾಯಿಸಿದ್ದರೆ ಕಥೆಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ.

ಅದಕ್ಕಿಂತಲೂ ಹೆಚ್ಚು ನೋಯಿಸಿದ್ದು ಒಂದೇ ಒಂದು ಸಾಲು. 1986ರ ಚಿತ್ರದಲ್ಲಿ ನಾಯಕಿ ರಿಪ್ಲಿ, ಮಗುವಿನ ಮೇಲೆರಗಲು ಬಂದ ರಾಣಿ ಜೀವಿಯನ್ನು ‘ಅವಳಿಂದ ದೂರ ಸರಿ’ ಎಂದು ಗದರಿಸಿ ಆಡಿದ ಮಾತನ್ನು ಇಲ್ಲಿ ಆಂಡಿಯ ಬಾಯಿಂದ ಆಡಿಸಲಾಗಿದೆ. ರಿಪ್ಲಿಯನ್ನು ಆಂಡಿ ಕಂಡವನಲ್ಲ. ಆ ಮಾತು ಅಭಿಮಾನಿಗಳ ಚಪ್ಪಾಳೆಗಾಗಿ ಬಂದದ್ದು. ರೇನ್‌ಳನ್ನು ಕಾಪಾಡಲು ಅವನು ಮುನ್ನುಗ್ಗಿದ ಆ ಗಳಿಗೆಯಲ್ಲಿ, ಅವಳ ತಂದೆ ಕಲಿಸಿದ್ದ ಯಾವುದಾದರೂ ಸಪ್ಪೆ ನಗೆಹನಿಯನ್ನೇ ಅವನು ತೊದಲುತ್ತ ಹೇಳಿದ್ದರೂ ಸಾಕಿತ್ತು; ಅದು ಆಂಡಿಯದೇ ಮಾತಾಗಿರುತ್ತಿತ್ತು.