ಗೆಲಾಕ್ಸಿಗಳ ಡಿಕ್ಕಿ, ನಕ್ಷತ್ರಗಳ ಹುಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದರೆ ಏನಾಗುತ್ತದೆ ಅಂತ ಯಾರನ್ನಾದರೂ ಕೇಳಿ ನೋಡಿ. ‘ಎಲ್ಲ ಸಿಡಿದು ಚೂರುಚೂರಾಗುತ್ತದೆ’ ಅನ್ನುತ್ತಾರೆ. ಮಾತಾಡಲು ಹೋದ ಕಡೆಯೆಲ್ಲ ನನಗೆ ಸಿಗುವುದು ಇದೇ ಉತ್ತರ. ಬೇಜಾರು ಮಾಡಿಕೊಳ್ಳಬೇಡಿ, ಕೇಳಿ ಕೇಳಿ ಸ್ವಲ್ಪ ಸಾಕಾಗಿದೆ. ನಿಜಕ್ಕೂ ಆಗುವುದು ಪೂರಾ ಉಲ್ಟಾ. ಆ ಡಿಕ್ಕಿಯಲ್ಲಿ ಹೊಸ ನಕ್ಷತ್ರಗಳು ರಾಶಿ ರಾಶಿಯಾಗಿ ಹುಟ್ಟುತ್ತವೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಡಿಕ್ಕಿಯಾಗುವುದು ನಕ್ಷತ್ರಗಳಲ್ಲ, ಅನಿಲ. ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ನಕ್ಷತ್ರಗಳು ಯಾಕೆ ಒಂದಕ್ಕೊಂದು ತಾಗುವುದಿಲ್ಲ? ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಅವನ ಪಕ್ಕದ ಮನೆಯ ನಕ್ಷತ್ರ ಇರುವುದು 4.2 ಜ್ಯೋತಿರ್ವರ್ಷ ದೂರದಲ್ಲಿ. ಲೆಕ್ಕ ಹಾಕಿದರೆ, ನಡುವಿನ ಖಾಲಿ ಜಾಗದಲ್ಲಿ ಹತ್ತಿರ ಹತ್ತಿರ 3 ಕೋಟಿ ಸೂರ್ಯರನ್ನು ಸಾಲಾಗಿ ಜೋಡಿಸಬಹುದು. ಅಷ್ಟು ಬಿಡುವಿದ್ದ ಮೇಲೆ ಯಾರು ಯಾರಿಗೆ ತಾಗುತ್ತಾರೆ ಹೇಳಿ! ಸಂಜೆ ಹೊತ್ತು ಎರಡು ದನದ ಮಂದೆಗಳು ಎದುರುಬದುರಾಗಿ ಹಾದುಹೋದ ಹಾಗೆ ಇದು. ದನಗಳು ತಪ್ಪಿಸಿಕೊಂಡು ಹೋಗುತ್ತವೆ. ಆದರೆ ಎದ್ದ ಧೂಳಿಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ, ಈ ಕಡೆಯದು ಆ ಕಡೆಯದು ಒಂದಾಗಿಬಿಡುತ್ತದೆ. ಗೆಲಾಕ್ಸಿಯಲ್ಲಿ ಆ ಧೂಳಿನ ಜಾಗದಲ್ಲಿರುವುದು ಅನಿಲ. ಬಹುಪಾಲು ಜಲಜನಕ.

ಇಲ್ಲಿ ಒಂದು ಕಥೆ ಹೇಳಲೇಬೇಕು. ನನಗೆ ಬಹಳ ಇಷ್ಟವಾದದ್ದು.

1941. ಸ್ವೀಡನ್ನಿನ ಲುಂಡ್ ಊರಿನಲ್ಲಿ ಎರಿಕ್ ಹೋಮ್‌ಬರ್ಗ್ ಎಂಬ ಖಗೋಳ ವಿಜ್ಞಾನಿ. ಎರಡು ಗೆಲಾಕ್ಸಿಗಳು ಹತ್ತಿರ ಬಂದರೆ ಏನಾಗುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಕಂಪ್ಯೂಟರ್ ಇಲ್ಲ. ಕೈಯಲ್ಲಿ ಲೆಕ್ಕ ಮಾಡೋಣವೆಂದರೆ ಅದು ಮುಗಿಯುವ ಲೆಕ್ಕವಲ್ಲ. ಪ್ರತಿಯೊಂದು ಚೂರನ್ನೂ ಉಳಿದೆಲ್ಲ ಚೂರುಗಳು ಎಳೆಯುತ್ತಿರುತ್ತವೆ. ಒಂದು ಜರುಗಿದರೆ ಎಲ್ಲರ ಲೆಕ್ಕವೂ ಬದಲು. ಆಗ ಅವರಿಗೆ ಹೊಳೆದದ್ದು ಏನು ಗೊತ್ತಾ? ದೂರ ಎರಡು ಪಟ್ಟಾದರೆ ಗುರುತ್ವದ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ದೀಪದ ಬೆಳಕೂ ಅಷ್ಟೇ, ದೂರ ಎರಡು ಪಟ್ಟಾದರೆ ಕಾಲು ಭಾಗ. ಎರಡಕ್ಕೂ ಒಂದೇ ನಿಯಮ. ಹಾಗಾದರೆ ಸೆಳೆತವನ್ನು ಲೆಕ್ಕ ಹಾಕುವುದೇಕೆ, ಬೆಳಕನ್ನು ಅಳೆದರಾಯಿತಲ್ಲ!

ಒಂದು ಗೆಲಾಕ್ಸಿಗೆ 37 ಬಲ್ಬು, ಇನ್ನೊಂದಕ್ಕೆ 37. ಒಟ್ಟು 74 ಬಲ್ಬು. ಒಂದು ಬಲ್ಬಿದ್ದ ಜಾಗದಲ್ಲಿ ಬೆಳಕು ಅಳೆಯುವ ಸಾಧನ ಇಟ್ಟು, ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತದೆ ಎಂದು ನೋಡುವುದು. ಅಷ್ಟು ಸೆಳೆತ ಎಂದು ಬರೆದುಕೊಳ್ಳುವುದು. ಮುಂದಿನ ಬಲ್ಬು. ಅದರ ಮುಂದಿನದು. ಎಲ್ಲ ಅಳೆದಾದ ಮೇಲೆ ಪ್ರತಿಯೊಂದನ್ನೂ ಸೆಳೆತಕ್ಕೆ ತಕ್ಕಂತೆ ಒಂಚೂರು ಜರುಗಿಸುವುದು. ಮತ್ತೆ ಮೊದಲಿನಿಂದ ಅಳೆಯುವುದು. ಈಗ ಫೋನಿನಲ್ಲೂ ಆಗುವ ಕೆಲಸ. ಆದರೆ ಆ ತಾಳ್ಮೆ ಇದೆಯಲ್ಲ, ಅದಕ್ಕೆ ನಾನು ಕೈಮುಗಿಯುತ್ತೇನೆ.

ಫಲಿತಾಂಶ ಬಂತು. ಹತ್ತಿರ ಹಾದುಹೋದ ಗೆಲಾಕ್ಸಿಗಳ ಆಕಾರ ಕೆಡುತ್ತದೆ, ತೋಳುಗಳಂಥವು ಹೊರಗೆ ಚಾಚುತ್ತವೆ. ಓಟದ ಶಕ್ತಿ ಕಳೆದುಕೊಂಡು ಒಂದರ ಹಿಡಿತಕ್ಕೆ ಇನ್ನೊಂದು ಸಿಕ್ಕಿಬೀಳಲೂಬಹುದು. ಎಲ್ಲ ಸರಿ. ಆದರೆ ಆ 74 ಬಲ್ಬುಗಳ ನಡುವೆ ಒಂದು ವಸ್ತು ಇರಲಿಲ್ಲ. ಯಾವುದು? ಅನಿಲ! ಹಾಗಾಗಿ ಆಕಾರ ಗೊತ್ತಾಯಿತು, ಹುಟ್ಟು ಗೊತ್ತಾಗಲಿಲ್ಲ.

ಈಗ ಆ ಅನಿಲವನ್ನು ಸೇರಿಸಿ. ಮಾಮೂಲಿ ದಿನಗಳಲ್ಲಿ ಅದು ಗೆಲಾಕ್ಸಿಯ ನಡುವನ್ನು ಸುಮ್ನೆ ಸುತ್ತುತ್ತಿರುತ್ತದೆ. ಪಕ್ಕದ ಗೆಲಾಕ್ಸಿ ಬಂದು ಎಳೆದರೆ ಸುತ್ತು ತಪ್ಪುತ್ತದೆ, ವೇಗ ಕಳೆದುಕೊಂಡು ನಡುವಿನ ಕಡೆ ಜಾರುತ್ತದೆ. ಜೊತೆಗೆ ಈ ಗೆಲಾಕ್ಸಿಯ ಮೋಡವೂ ಆ ಗೆಲಾಕ್ಸಿಯ ಮೋಡವೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸುತ್ತವೆ. ಅನಿಲ ಒತ್ತಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಮುಖ್ಯ ವಿಷಯ ಇರುವುದು ಇಲ್ಲೇ. ಬಿಸಿಯಾದ ಅನಿಲ ತನ್ನ ಬಿಸಿಯನ್ನು ಬೆಳಕಾಗಿ ಹೊರಗೆ ಚೆಲ್ಲಿ ತಣ್ಣಗಾಗುತ್ತದೆ. ಒಳಗಿನ ಬಿಸಿ ಇದ್ದಷ್ಟು ಹೊತ್ತು ಅದು ಒತ್ತಡಕ್ಕೆ ಎದುರು ನಿಂತಿತ್ತು. ತಣ್ಣಗಾದ ಮೇಲೆ ನಿಲ್ಲುವುದಿಲ್ಲ. ತನ್ನದೇ ತೂಕಕ್ಕೆ ಕುಸಿಯುತ್ತದೆ, ತುಂಡು ತುಂಡಾಗುತ್ತದೆ. ಒಂದೊಂದು ತುಂಡೂ ಕುಗ್ಗಿದಂತೆಲ್ಲ ಅದರ ಒಳಗೆ ಶಾಖ ಏರುತ್ತಾ ಹೋಗಿ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಜಲಜನಕ ಬೆಸೆಯಲು ಶುರುವಾಗುತ್ತದೆ. ನಕ್ಷತ್ರ ಹುಟ್ಟಿತು.

ಇದು ಬರೀ ಊಹೆ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಹಾಲ್ಟನ್ ಆರ್ಪ್ ಅವರು 1966ರಲ್ಲಿ 338 ವಿಚಿತ್ರ ಆಕಾರದ ಗೆಲಾಕ್ಸಿಗಳ ಚಿತ್ರಕೋಶ ತಂದರು. ರಿಚರ್ಡ್ ಲಾರ್ಸನ್ ಮತ್ತು ಬಿಯಾಟ್ರಿಸ್ ಟಿನ್ಸ್ಲಿ 1978ರಲ್ಲಿ ಅವುಗಳ ಬಣ್ಣವನ್ನು ಮಾಮೂಲಿ ಗೆಲಾಕ್ಸಿಗಳ ಬಣ್ಣಕ್ಕೆ ಹೋಲಿಸಿ ನೋಡಿದರು. ಆಕಾರ ಕೆಟ್ಟವುಗಳಲ್ಲಿ ಇತ್ತೀಚೆಗಷ್ಟೇ ನಕ್ಷತ್ರಗಳು ಒಮ್ಮೆಲೇ ಹುಟ್ಟಿದ ಗುರುತು ಸಿಕ್ಕಿತು. ಬಣ್ಣದಿಂದ ಹೇಗೆ ಗೊತ್ತಾಗುತ್ತದೆ? ದೊಡ್ಡ ಬಿಸಿ ನಕ್ಷತ್ರಗಳು ನೀಲಿ. ಅವು ಬೇಗ ಉರಿದು ಮುಗಿಯುತ್ತವೆ. ನೀಲಿ ಕಂಡಿತೆಂದರೆ ಹುಟ್ಟಿ ಜಾಸ್ತಿ ಕಾಲವಾಗಿಲ್ಲ ಎಂದೇ ಅರ್ಥ.

ಹಸ್ತಾ ನಕ್ಷತ್ರ ಇರುವ ದಿಕ್ಕಿನಲ್ಲಿ, ಕೋಟ್ಯಂತರ ಜ್ಯೋತಿರ್ವರ್ಷ ಆಚೆ, ಆಂಟೆನೆ ಎಂಬ ಜೋಡಿ ಗೆಲಾಕ್ಸಿ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ. 1997ರಲ್ಲಿ ಪ್ರಕಟವಾದ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಎಳೆಯ ನಕ್ಷತ್ರಗುಚ್ಛಗಳು ಕಂಡವು. ಅಲ್ಲಿ ಹುಟ್ಟಿನ ಭರಾಟೆ ತೀರಾ ಜೋರಾಗಿರುವುದು ಎಲ್ಲಿ ಗೊತ್ತಾ? ಎರಡೂ ಗೆಲಾಕ್ಸಿಗಳ ಅನಿಲ ಒಂದರ ಮೇಲೊಂದು ಬಿದ್ದಿರುವ ಜಾಗದಲ್ಲಿ. ದಟ್ಟ ಧೂಳು ಮುಚ್ಚಿರುವುದರಿಂದ ಮಾಮೂಲಿ ಚಿತ್ರದಲ್ಲಿ ಅದು ಕಪ್ಪಗೆ ಕಾಣುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿಯುವ ದೂರದರ್ಶಕದಲ್ಲಿ ನೋಡಿದರೆ ಝಗಝಗ.

ಗಾಜಿನ ಆಚೆಯಿಂದ ಸಮಯವಾಯಿತೆಂದು ಕೈಸನ್ನೆ ಬರುತ್ತಿದೆ. ಆರ್ಪ್ ಅವರ ಚಿತ್ರಕೋಶದ 220ನೇ ಗೆಲಾಕ್ಸಿ, ಆರ್ಪ್ 220 ಬಗ್ಗೆ ಹೇಳಬೇಕಿತ್ತು, ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಹುಟ್ಟುವುದು ಒಂದೆರಡು ಸೂರ್ಯರ ತೂಕದಷ್ಟು ನಕ್ಷತ್ರ, ಡಿಕ್ಕಿಯ ಕೊನೆ ಹಂತದಲ್ಲಿರುವ ಆರ್ಪ್ 220ರಲ್ಲಿ ಅದರ ನೂರು ಪಟ್ಟಿಗೂ ಜಾಸ್ತಿ.

ಇನ್ನು ಎಲ್ಲರೂ ಕೇಳುವ ಆ ಪ್ರಶ್ನೆ. ಪಕ್ಕದ ದೊಡ್ಡ ಗೆಲಾಕ್ಸಿ ಆಂಡ್ರೊಮಿಡಾ ಬಂದು ನಮ್ಮ ಕ್ಷೀರಪಥಕ್ಕೆ ಗುದ್ದುತ್ತದಾ? 2025ರ ಒಂದು ಲೆಕ್ಕದ ಪ್ರಕಾರ, ಮುಂದಿನ 1000 ಕೋಟಿ ವರ್ಷಗಳಲ್ಲಿ ಹಾಗಾಗುವ ಸಾಧ್ಯತೆ ಅರ್ಧಕ್ಕರ್ಧ. ಗುದ್ದಿದರೂ ಸೂರ್ಯನಿಗೆ ಇನ್ನೊಂದು ನಕ್ಷತ್ರ ಬಂದು ಬಡಿಯುವುದಿಲ್ಲ. ಯಾಕೆ ಅಂತ ಈಗಾಗಲೇ ಹೇಳಿದ್ದೇನೆ. ಹೊಸ ನಕ್ಷತ್ರಗಳ ದೊಡ್ಡ ಸಂಭ್ರಮವನ್ನೂ ನಿರೀಕ್ಷಿಸಬೇಡಿ. ಎರಡೂ ಗೆಲಾಕ್ಸಿಗಳು ತಮ್ಮ ಅನಿಲವನ್ನು ಆಗಲೇ ಬಹುಪಾಲು ಖರ್ಚು ಮಾಡಿಕೊಂಡಿವೆ. ನಮಸ್ಕಾರ.