ಕಲ್ಲಿನ ಊರು ಯಾವುದು?

ಎಲ್ಲರಿಗೂ ನಮಸ್ಕಾರ.

ಮೇ 18 ಬಂತು ಅಂದರೆ ಮ್ಯೂಸಿಯಂ ದಿನ. ಈ ದಿನ ಮಾತಾಡಲು ಕರೆದರೆ ಮ್ಯೂಸಿಯಂಗಳ ಮಹತ್ವ ಅಂತ ಒಂದು ಗಂಟೆ ಹೇಳಿ, ಶಾಲು ಹೊದ್ದುಕೊಂಡು ಹೋಗಬಹುದು. ಆದರೆ ಇದು ಮಂಡ್ಯ. ಸಭೆಯಲ್ಲಿ ಮದ್ದೂರು ಕಡೆಯವರು ತುಂಬಾ ಜನ ಇದ್ದೀರಿ ಅಂತ ಈಗ ತಾನೇ ಹೇಳಿದರು. ನಿಮ್ಮ ತಾಲ್ಲೂಕಿನ ಒಂದು ಕಲ್ಲು ಬೆಂಗಳೂರಿನಲ್ಲಿದೆ. ಅದರ ಬಗ್ಗೆ ನಿಮ್ಮೆದುರೇ ಮಾತಾಡುವ ಅವಕಾಶ ಸಿಕ್ಕಿದೆ, ನಾನು ಬಿಡುವುದಿಲ್ಲ. ಅದಕ್ಕೂ ಮೊದಲು, ಇತ್ತೀಚೆಗೆ ನೋಡಿಬಂದ ಒಂದು ಮ್ಯೂಸಿಯಂ ವಿಷಯ.

ಒಂದು ಜಿಲ್ಲೆಯ ಮ್ಯೂಸಿಯಂ ಅಂತಿಟ್ಟುಕೊಳ್ಳಿ. ಹೆಸರು ಬೇಡ, ಯಾಕೆಂದರೆ ಎಷ್ಟೋ ಕಡೆ ಹೀಗೇ ಆಗುತ್ತಿದೆ. ಹಳೇ ಕಟ್ಟಡವನ್ನೇ ನವೀಕರಣ ಮಾಡಿ ಮತ್ತೆ ಬಾಗಿಲು ತೆರೆದಿದ್ದಾರೆ. ಹಿಂದೆ ನಾನು ಹೋದಾಗ ಕಲ್ಲುಗಳೆಲ್ಲ ವರಾಂಡದಲ್ಲಿ ಗೋಡೆಗೆ ಒರಗಿಕೊಂಡಿದ್ದವು. ಮಳೆ ಬಂದರೆ ಎರಚಲು ಹೊಡೆಯುತ್ತಿತ್ತು. ವಿಗ್ರಹಗಳ ಪೀಠದ ಮೇಲೇ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿದ್ದರು. ಈಗ ಒಂದೊಂದು ಕಲ್ಲಿಗೂ ಗಟ್ಟಿಯಾದ ಸ್ಟ್ಯಾಂಡ್ ಇದೆ. ಗಾಲಿಕುರ್ಚಿ ಹೋಗಲು ರ‍್ಯಾಂಪ್ ಇದೆ. ವಯಸ್ಸಾದವರು ಕೂರಲು ಬೆಂಚು ಇದೆ. ಶೌಚಾಲಯ ಶುಚಿಯಾಗಿದೆ. ನಗಬೇಡಿ! ಎರಡು ಬಸ್ಸು ತುಂಬ ಮಕ್ಕಳನ್ನು ಕರೆದುಕೊಂಡು ಹೋದ ಮೇಷ್ಟ್ರು ಇಲ್ಲಿ ಯಾರಾದರೂ ಇದ್ದರೆ ಕೇಳಿ. ಅರ್ಧ ಪ್ರವಾಸ ನಿಲ್ಲುವುದೇ ಅದರ ಮೇಲೆ. ಇದನ್ನೆಲ್ಲ ಮಾಡಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಒಳಗೆ ಹೋದೆ. ಒಂದು ವೀರಗಲ್ಲು, ಎದೆಯೆತ್ತರ. ಕೆಳಗಿನ ಹಂತದಲ್ಲಿ ದನಗಳು, ಬಿಲ್ಲು ಹಿಡಿದವರು. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿದ್ದಾನೆ. ಹಂತಗಳ ನಡುವಿನ ಪಟ್ಟಿಯಲ್ಲಿ ನಾಲ್ಕು ಸಾಲು ಬರಹ. ಪಕ್ಕದಲ್ಲಿ ಹೊಳೆಯುವ ಹೊಸ ಬೋರ್ಡು. ಅದರಲ್ಲಿ ಇಷ್ಟು ಇತ್ತು: ವೀರಗಲ್ಲು, ಕ್ರಿ.ಶ. 10ನೇ ಶತಮಾನ, ಕಲ್ಲು.

ಅದು ಕಲ್ಲು ಅಂತ ಎಲ್ಲರಿಗೂ ಕಾಣುತ್ತದೆ. ಯಾವ ಊರಿನ ಕಲ್ಲು?

ಇದನ್ನು ನಾನು ಕೇಳುವ ಮೊದಲೇ ಬೇರೆಯವರು ಕೇಳಿದರು. ಗಂಡ ಹೆಂಡತಿ, ಜೊತೆಗೆ ಒಬ್ಬ ಹುಡುಗ. ಸಂತೆಗೆ ಬಂದವರು ಹಾಗೇ ಒಳಗೆ ಬಂದಿದ್ದರು. ಆಯಮ್ಮ ಸಿಬ್ಬಂದಿಯನ್ನು ನೇರವಾಗಿ ಕೇಳಿದರು: "ಇದು ಯಾವೂರಿಂದು ಸ್ವಾಮಿ?" ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ನಾವು ಮೊದಲು ಕೇಳುವುದು ಇದನ್ನೇ, ಅಲ್ವಾ? ಹೆಸರು ಆಮೇಲೆ. ಆ ಸಿಬ್ಬಂದಿ ಒಳ್ಳೆಯವರು. ಕಪಾಟಿನಿಂದ ದಪ್ಪ ರಿಜಿಸ್ಟರ್ ತೆಗೆದು, ಬೆರಳಿಟ್ಟು ಹುಡುಕಿ, ಊರು ಹೇಳಿದರು. ಆಯಮ್ಮನ ಮುಖ ಅರಳಿತು. ಅವರ ತವರಿನ ಪಕ್ಕದ ಹಳ್ಳಿ! ಆಮೇಲೆ ಅವರು ಆ ಕಲ್ಲಿನ ಮುಂದಿನಿಂದ ಬೇಗ ಕದಲಲಿಲ್ಲ. ಆ ಹುಡುಗನಿಗೆ ಕೆರೆ ಏರಿ ಎಲ್ಲಿದೆ, ದನ ಹೊಡೆದುಕೊಂಡು ಯಾವ ಕಡೆಯಿಂದ ಬಂದಿರಬಹುದು ಅಂತೆಲ್ಲ ತಾವೇ ಹೇಳಿಕೊಟ್ಟರು. ಅಲ್ಲಿದ್ದ ಟಚ್ ಸ್ಕ್ರೀನಿಗೆ ಅಷ್ಟು ಗೊತ್ತಿರಲಿಲ್ಲ.

ಹಳೇ ಬೋರ್ಡಿನಲ್ಲಿ ಊರಿನ ಹೆಸರು ಇತ್ತಂತೆ. ಅಕ್ಷರ ಜಾಸ್ತಿಯಾದರೆ ನೋಡಲು ಚೆನ್ನಾಗಿರುವುದಿಲ್ಲ ಅಂತ ಹೊಸ ವಿನ್ಯಾಸದಲ್ಲಿ ತೆಗೆದರಂತೆ. ಇವತ್ತು ನಾನು ನಿಮ್ಮ ಮುಂದೆ ನಿಂತಿರುವುದೇ ಈ ಒಂದು ಮಾತಿಗೆ. ಕಲ್ಲಿನ ಊರಿನ ಹೆಸರು ತೆಗೆಯಬೇಡಿ. ಬಣ್ಣ ಬದಲಿಸಿ, ಲೈಟು ಬದಲಿಸಿ, ನೆಲಕ್ಕೆ ಏನು ಬೇಕಾದರೂ ಹಾಸಿ. ಊರು ಮಾತ್ರ ಬರೆಯಿರಿ.

ಈಗ ನಿಮ್ಮ ಮದ್ದೂರು ತಾಲ್ಲೂಕಿನ ಆತಕೂರಿಗೆ ಬರೋಣ.

ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕೆಂಪು ಕಟ್ಟಡ, ಎತ್ತರದ ಕಂಬಗಳು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ ಮೊದಲು ಮದರಾಸಿನಲ್ಲಿ ಮ್ಯೂಸಿಯಂ ಕಟ್ಟಿದ, ಆಮೇಲೆ 1865ರಲ್ಲಿ ಬೆಂಗಳೂರಿನದು ಶುರುವಾಯಿತು. ಆಗ ಅದು ದಂಡಿನಲ್ಲಿ, ಈಗ ಮ್ಯೂಸಿಯಂ ರೋಡ್ ಅಂತೀವಲ್ಲ, ಅಲ್ಲಿತ್ತು. 1877ರಲ್ಲಿ ಈಗಿನ ಕಟ್ಟಡ ಬಂತು. ಮ್ಯೂಸಿಯಂ ಹೋದರೂ ಆ ರಸ್ತೆಗೆ ಹೆಸರು ಉಳಿದುಕೊಂಡಿದೆ ನೋಡಿ. ಜನ ಜಾಗದ ಹೆಸರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಆ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ. ಕಲ್ಲಿನ ಮೇಲೆ ಒಂದು ನಾಯಿ, ಒಂದು ಕಾಡುಹಂದಿ. ಎರಡೂ ಒಂದರ ಮೇಲೊಂದು ಬಿದ್ದಿವೆ. ಸುತ್ತಲೂ ಹಳಗನ್ನಡದ ಸಾಲುಗಳು. ಮೊದಲ ಸಲ ನೋಡಿದವರಿಗೆ ಯಾವುದೋ ಬೇಟೆಯ ಚಿತ್ರ ಅನ್ನಿಸಬಹುದು. ಓದಿದರೆ ಗೊತ್ತಾಗುತ್ತದೆ, ಅಲ್ಲಿ ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧವೇ ಇದೆ.

949ರ ಸುಮಾರು. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ಮೇಲೆ ಹೋಗುತ್ತಾನೆ. ಶಾಸನ ಅವನನ್ನು ಕನ್ನರದೇವ ಅನ್ನುತ್ತದೆ. ಎದುರಿಗೆ ಚೋಳ ಪರಾಂತಕನ ಮಗ ರಾಜಾದಿತ್ಯ. ಜಾಗ ತಕ್ಕೋಲ, ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಕನ್ನರದೇವನ ಜೊತೆ ಅವನ ಭಾವ, ಗಂಗರ ಇಮ್ಮಡಿ ಬೂತುಗ ಇದ್ದ. ಆ ಬೂತುಗನೇ ರಾಜಾದಿತ್ಯನನ್ನು ಆನೆಯ ಅಂಬಾರಿಯಲ್ಲೇ ಕೊಂದ. ಚೋಳರ ದಾಖಲೆಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ಅರಸ ಅಂತಲೇ ನೆನೆಯುತ್ತವೆ. ಗೆದ್ದವರೂ ಸೋತವರೂ ಒಂದೇ ಮಾತು ಹೇಳುವುದು ಇತಿಹಾಸದಲ್ಲಿ ತುಂಬಾ ಅಪರೂಪ. ಖುಷಿಯಾದ ಕನ್ನರದೇವ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಇವೆಲ್ಲ ನಾಡುಗಳು, ಆ ಸಂಖ್ಯೆ ನಾಡಿನ ಹೆಸರಿನ ಜೊತೆಗೇ ಬರುತ್ತದೆ. ಇದು ದೊಡ್ಡವರ ಕತೆ.

ಬೂತುಗನ ಕಡೆ ಮಣಲೇರ ಎಂಬ ವೀರ ಇದ್ದ. ಚೆನ್ನಾಗಿ ಕಾದಾಡಿದ. ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಯೋಚನೆ ಮಾಡಿ, ಬನವಾಸಿ ಪೂರ್ತಿ ಕೈಗೆ ಬಂದಿರುವ ದೊರೆ ಎದುರಿಗಿದ್ದಾನೆ. ಮಣಲೇರ ಕೇಳಿದ್ದು ದೊರೆಯ ನಾಯಿಯನ್ನು! ಕಾಳಿ ಅದರ ಹೆಸರು. ದೊರೆ ಕೊಟ್ಟ. ಆಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಪಶ್ಚಿಮದ ಗುಡ್ಡದಲ್ಲಿ, ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದಕ್ಕೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದರು. ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ನಡೆಯಬೇಕು, ತಪ್ಪಿಸಿದವರಿಗೆ ಪಾಪ ಅಂತ ಬರೆಸಿದರು.

ಈ ಕತೆ ಹೇಳುವಾಗ ನನಗೆ ಪ್ರತಿ ಸಲವೂ ಮಣಲೇರನ ಮೇಲೆ ಪ್ರೀತಿ ಉಕ್ಕುತ್ತದೆ. ಆ ನಾಯಿಯನ್ನು ಅವನು ಎಷ್ಟು ದಿನದಿಂದ ನೋಡಿ ಆಸೆಪಟ್ಟಿದ್ದನೋ! ಬೂತುಗನ ಮೇಲೂ ಪ್ರೀತಿ ಬರುತ್ತದೆ. ನಾಯಿ ಸಾಕಿದವರಿಗೆ ಗೊತ್ತು, ಹೊಲ ಕೊಡಬಹುದು, ಮನೆ ಕಾಯುವ ನಾಯಿ ಕೊಡುವುದು ಕಷ್ಟ.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ಕಲ್ಲಿನ ಬೋರ್ಡಿನಲ್ಲಿ ಬರೀ ಬೇಟೆಯ ದೃಶ್ಯ, 10ನೇ ಶತಮಾನ, ಕಲ್ಲು ಅಂತ ಇದ್ದಿದ್ದರೆ? ಬೆಳತೂರಿನ ಮೊರಡಿ ಹೋಯಿತು, ಚಲ್ಲೇಶ್ವರ ಹೋದ, ಆತಕೂರೇ ಹೋಯಿತು. ತಕ್ಕೋಲದ ಯುದ್ಧ ಪುಸ್ತಕದಲ್ಲಿ ಉಳಿಯುತ್ತಿತ್ತು. ಆದರೆ ಆ ಯುದ್ಧದ ಸುದ್ದಿ ಮದ್ದೂರು ತಾಲ್ಲೂಕಿನ ಒಂದು ಗುಡಿಯ ಮುಂದೆ ಒಂದು ನಾಯಿಯ ನೆಪದಲ್ಲಿ ದಾಖಲಾಯಿತು ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇತಿಹಾಸ ರಾಜಧಾನಿಯಲ್ಲಿ ಮಾತ್ರ ನಡೆಯುತ್ತದೆ ಅಂತ ನಮ್ಮ ಮಕ್ಕಳು ನಂಬಿರುವುದು ಇಂಥ ಬೋರ್ಡುಗಳಿಂದಲೇ.

ನಮ್ಮ ನಾಡಿನ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ನಿಮಗೆಲ್ಲ ಗೊತ್ತು. ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟ, ಸುಮಾರು 9,000 ಶಾಸನ. ಅವುಗಳನ್ನು ಅವರು ಹೇಗೆ ಜೋಡಿಸಿದರು? ಜಿಲ್ಲೆ, ಅದರೊಳಗೆ ತಾಲ್ಲೂಕು, ಆಮೇಲೆ ಊರು. ಇವತ್ತಿಗೂ ನಾವು ಶಾಸನವನ್ನು ತಾಲ್ಲೂಕಿನ ಹೆಸರು, ನಂಬರ್ ಹೇಳಿಯೇ ಗುರುತಿಸುತ್ತೇವೆ. ಎತ್ತಿನ ಗಾಡಿಯ ಕಾಲದಲ್ಲಿ ಮರೆಯದೆ ಬರೆದುಕೊಂಡ ಊರನ್ನು ಎಲ್‌ಇಡಿ ಕಾಲದಲ್ಲಿ ಬಿಟ್ಟುಬಿಡುವುದೇ?

ಎಲ್‌ಇಡಿ ಅಂದೆನಲ್ಲ, ಲೈಟಿನ ಮಾತು ಹೇಳಿಬಿಡುತ್ತೇನೆ. ಹೊಸ ಮ್ಯೂಸಿಯಂಗಳಲ್ಲಿ ನೆತ್ತಿಯ ಮೇಲಿನಿಂದಲೋ ನೇರ ಎದುರಿನಿಂದಲೋ ಜೋರು ಬೆಳಕು ಬಿಡುತ್ತಾರೆ. ವಿಗ್ರಹದ ಮುಖ ಚೆನ್ನಾಗಿ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಶಾಸನಕ್ಕೆ ಎದುರಿನ ಬೆಳಕು ಆಗಿಬರುವುದಿಲ್ಲ. ಸವೆದ ಅಕ್ಷರದ ಆಳ ತುಂಬಾ ಕಡಿಮೆ. ಬೆಳಕು ನೇರವಾಗಿ ಬಿದ್ದರೆ ಗೆರೆಯೊಳಗೆ ನೆರಳೇ ಇರುವುದಿಲ್ಲ, ಕಲ್ಲು ಬರೀ ಬೋಳಾಗಿ ಕಾಣುತ್ತದೆ. ಆ ವೀರಗಲ್ಲಿನ ಮುಂದೆ ನಾನು ಮೊಬೈಲಿನ ಟಾರ್ಚ್ ಹಚ್ಚಿದೆ. ಕಲ್ಲಿಗೆ ತಾಗುವಷ್ಟು ಹತ್ತಿರ, ಎಡಗಡೆಯಿಂದ ಓರೆಯಾಗಿ ಹಿಡಿದೆ. ಇಲ್ಲವೇ ಇಲ್ಲ ಅನ್ನಿಸಿದ್ದ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ಮೊದಲು ಒಂದು 'ಸ್ವಸ್ತಿ', ಆಮೇಲೆ 'ಶ್ರೀ'. ಆ ಹುಡುಗ ಟಾರ್ಚ್ ನನ್ನ ಕೈಯಿಂದ ಇಸಿದುಕೊಂಡ, ವಾಪಸ್ ಕೊಡಲೇ ಇಲ್ಲ! ಶಾಸನದ ಪಕ್ಕ ಒಂದು ಓರೆ ದೀಪ, ಅದಕ್ಕೊಂದು ಸ್ವಿಚ್. ಇದಕ್ಕೆ ಕೋಟಿ ರೂಪಾಯಿ ಬೇಡ. ಕೆಳಗೆ ನಾಲ್ಕು ಸಾಲಿನ ಪಾಠವನ್ನು ಈಗಿನ ಕನ್ನಡ ಲಿಪಿಯಲ್ಲಿ ಬರೆದು, ಅರ್ಥ ಬರೆಯಿರಿ. ಊರೂ ಬರೆಯಿರಿ.

ಚೀಟಿ ಬಂತು. ಹತ್ತು ನಿಮಿಷವಂತೆ. ಹಾಗಾದರೆ ಉಳಿದದ್ದು ಬೇಗ ಬೇಗ.

ನವೀಕರಣ ಅಂದರೆ ಕಲ್ಲುಗಳನ್ನು ಎತ್ತಿ ಇಳಿಸುವುದು. ಅಪಾಯ ಇರುವುದೇ ಅಲ್ಲಿ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ 200 ವರ್ಷ ತುಂಬಿದ ಸಂದರ್ಭಕ್ಕೆ ನವೀಕರಣ ನಡೆಸಿತ್ತು. ಆಗ, 2013ರಲ್ಲಿ, ರಾಂಪೂರ್ವದ ಮೌರ್ಯರ ಕಾಲದ ಸಿಂಹ ಒಡೆಯಿತು. ಎರಡು ಸಾವಿರ ವರ್ಷ ದಾಟಿ ಬಂದ ಕಲ್ಲು ಜಾಗ ಬದಲಿಸುವಾಗ ಒಡೆಯಿತು. ಉದ್ಘಾಟನೆಯ ತಾರೀಕು ಮೊದಲು ಗೊತ್ತು ಮಾಡಿ ಕಲ್ಲು ಸಾಗಿಸಬೇಡಿ ಅಂತ ನಾನು ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಮೂಲ ಕಲ್ಲು ಊರಿಗೇ ವಾಪಸ್ ಕೊಡಿ ಅಂತ ಕೇಳುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಊರಿನಲ್ಲಿ ಬಟ್ಟೆ ಒಗೆಯುವ ಕಲ್ಲಾದ ಶಾಸನಗಳನ್ನೂ ನೋಡಿದ್ದೇನೆ, ಎಣ್ಣೆ ಬಣ್ಣ ಬಳಿಸಿಕೊಂಡ ವೀರಗಲ್ಲುಗಳನ್ನೂ ನೋಡಿದ್ದೇನೆ. ಹಲ್ಮಿಡಿಯಲ್ಲಿ ಮಾಡಿದ್ದು ನನಗೆ ಸರಿ ಅನ್ನಿಸುತ್ತದೆ. 16 ಸಾಲಿನ ಮೂಲ ಕಲ್ಲು ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ನಿಂತಿದೆ. ಬೇಲೂರಿಗೆ ಹೋದವರು ಅಲ್ಲಿಗೂ ಹೋಗಿ ನೋಡುತ್ತಾರೆ. ಈಗಂತೂ ಕಲ್ಲನ್ನು ಮುಟ್ಟದೆ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆ ಬೆಂಗಳೂರು ಸುತ್ತಲಿನ ಶಾಸನಗಳಿಗೆ ಈ ಕೆಲಸ ಮಾಡುತ್ತಿದೆ. ಅಂಥ ಒಂದು ಪ್ರತಿ ಆತಕೂರಿನಲ್ಲೂ ನಿಲ್ಲಲಿ.

ಇನ್ನು ಬೆಂಗಳೂರಿನ ಹೆಬ್ಬಾಳ. 2018ರಲ್ಲಿ ಅಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಬೆಳಕಿಗೆ ಬಂತು. 750ರ ಸುಮಾರಿನದು, ಗಂಗರ ದೊರೆ ಶ್ರೀಪುರುಷನ ಕಾಲ. ಆ ಕಲ್ಲಿಗೆ ಅಲ್ಲಿಯೇ ಒಂದು ಮಂಟಪ ಎದ್ದಿದೆ. ಒಂದೇ ಕಲ್ಲಿನ ಮ್ಯೂಸಿಯಂ ಅದು, ತನ್ನ ಊರಿನಲ್ಲೇ ಇದೆ. ಬೇಗೂರು, ಬಾದಾಮಿ ಅಂತ ಇನ್ನೂ ಎರಡು ಹೆಸರು ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ, ಬಿಟ್ಟೆ. ಬೇಗೂರಿನ ನಾಗೇಶ್ವರ ಗುಡಿಗೆ ನೀವೇ ಹೋಗಿ. ಬೆಂಗಳೂರಿನ ಕಾಳಗ ಅಂತ ಬರೆದಿರುವ ಕಲ್ಲು ಇವತ್ತಿಗೂ ಅಲ್ಲೇ ಇದೆ.

ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳುತ್ತೇನೆ. ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವ ಮೊದಲು ನಿಮ್ಮ ಹೋಬಳಿಯ ಶಾಸನಗಳ ಪಟ್ಟಿ ಮಾಡಿ. ಎಪಿಗ್ರಾಫಿಯ ಕರ್ನಾಟಿಕದಲ್ಲಿ ತಾಲ್ಲೂಕು ತೆಗೆದರೆ ಊರು ಊರೇ ಸಿಗುತ್ತದೆ. ಮ್ಯೂಸಿಯಂಗೆ ಹೋದ ಮೇಲೆ ಬೋರ್ಡಿನಲ್ಲಿ ಊರಿಲ್ಲದ ಕಲ್ಲು ಕಂಡರೆ ಮಕ್ಕಳ ಕೈಯಲ್ಲೇ ಕೇಳಿಸಿ. ಸಂದರ್ಶಕರ ಪುಸ್ತಕದಲ್ಲಿ ಚೆನ್ನಾಗಿದೆ ಅಂತ ಬರೆದು ಸಹಿ ಹಾಕಿ ಬರುವ ಬದಲು, ಈ ಕಲ್ಲಿನ ಊರು ಬರೆಯಿರಿ ಅಂತ ಬರೆಸಿ. ಒಂದು ಶಾಲೆ ಬರೆದರೆ ಓದುವುದಿಲ್ಲ. ಇಪ್ಪತ್ತು ಶಾಲೆ ಬರೆದರೆ ಬೋರ್ಡು ಬದಲಾಗುತ್ತದೆ.

ಊಟಕ್ಕೆ ಮೊದಲು ಹೊರಗೆ ಬೇವಿನ ಮರದ ಕೆಳಗೆ ಅಚ್ಚು ತೆಗೆಯುವುದನ್ನು ತೋರಿಸುತ್ತಾರೆ. ಹಳೇ ಶಾಸನದ ಮೇಲೆ ಕಲಿಯುವವರು ಕೈ ಹಚ್ಚಬಾರದು, ಅದಕ್ಕೇ ಹೊಸದಾಗಿ ಕೆತ್ತಿಸಿದ ಕಲ್ಲು ಇಟ್ಟಿದ್ದಾರೆ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಬಡಿಯಬೇಕು. ಕಾಗದ ಅಕ್ಷರದೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎಲ್ಲರೂ ಮಾಡಿ ನೋಡಿ. ಬಿಳಿ ಷರ್ಟು ಹಾಕಿಕೊಂಡು ಬಂದವರು ತೋಳು ಮಡಚಿಕೊಳ್ಳಿ, ಮಸಿ ಒಗೆದರೆ ಹೋಗುವುದಿಲ್ಲ. ಆತಕೂರಿನವರು ಯಾರಾದರೂ ಇದ್ದರೆ ಮೊದಲು ನೀವು ಬನ್ನಿ.